ಏಳು ಮಂದಿಯಲ್ಲಿ ಹಿಡಿಯುವ ನಾಲ್ವರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಊರಹಬ್ಬಕ್ಕೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಕಬಡ್ಡಿ ನಡೆದರೆ ಮೈಕಿನಲ್ಲಿ ಮೊದಲು ಮೊಳಗುವುದು ದಾಳಿಗೆ ಹೋಗುವವನ ಹೆಸರು. ಇನಾಮು ಕೂಗುವವರೂ ಅವನಿಗೇ ಕೂಗುತ್ತಾರೆ. ತೊಡೆ ತಟ್ಟಿ ಗೆರೆ ದಾಟುವವನು ಅವನು, ನಾಲ್ವರು ಮೈಮೇಲೆ ಬಿದ್ದರೂ ಬೆರಳ ತುದಿಯಲ್ಲಿ ನಡುಗೆರೆ ಮುಟ್ಟುವವನು ಅವನು. ಆ ಮೆಚ್ಚುಗೆ ಅವನಿಗೆ ಸಲ್ಲಬೇಕಾದ್ದೇ. ಆದರೆ ಅವನಿಗೆ ಎದುರಾಗಿ ಕೈಕೈ ಹಿಡಿದು ನಿಂತವರ ಕಸುಬು ಅದಕ್ಕಿಂತ ಆಳವಾದದ್ದು ಎಂದು ನಾನು ನಂಬಿದ್ದೇನೆ. ಆ ಸಾಲಿನಲ್ಲಿ ಒಂದು ಜಾಗ ಗಿಟ್ಟಿಸುವುದು ದಾಳಿಗಾರನಾಗಿ ಹೆಸರು ಮಾಡುವುದಕ್ಕಿಂತ ಕಷ್ಟ.

ಮೊದಲು ಅಂಕಣದ ಅಳತೆ ತಿಳಿದಿರಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಹಿಂದಿನ ಗೆರೆಗೆ ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್. ದಾಳಿಗೆ ಬಂದವನು ಯಾರನ್ನೂ ಮುಟ್ಟದೆ ಹಿಂತಿರುಗುವುದಾದರೆ ಅದನ್ನಾದರೂ ದಾಟಿರಬೇಕು. ಅಲ್ಲಿಂದ ಒಂದು ಮೀಟರ್ ಆಚೆಗೆ ಬೋನಸ್ ಗೆರೆ. ಬೋನಸ್ ಗೆರೆಯಿಂದ ಹಿಂದಿನ ಗೆರೆಗೆ ಉಳಿಯುವುದು ಒಂದೂಮುಕ್ಕಾಲು ಮೀಟರ್ ಮಾತ್ರ. ಎರಡು ಪಕ್ಕದಲ್ಲೂ ಒಂದೊಂದು ಮೀಟರಿನ ಲಾಬಿ ಇದೆ. ದಾಳಿಗಾರನ ಮೈ ತಾಗಿ ಸೆಣಸಾಟ ಶುರುವಾಗುವ ಮೊದಲು ಅದರೊಳಗೆ ಕಾಲಿಟ್ಟ ಹಿಡಿಯುವವನು ತಾನಾಗಿಯೇ ಔಟ್. ಅಂದರೆ ಮೂಲೆಯವನಿಗೆ ಹಿಂದೆ ಒಂದು ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ, ಮುಂದೆ ಮೂವತ್ತು ಸೆಕೆಂಡು ಉಸಿರು ಬಿಗಿಹಿಡಿದು ಕುಣಿಯುವ ಎದುರಾಳಿ. ಹೆಣ್ಣುಮಕ್ಕಳ ಅಂಕಣ ಇನ್ನೂ ಚಿಕ್ಕದು, 12 ಮೀಟರ್ ಉದ್ದ, 8 ಮೀಟರ್ ಅಗಲ. ಅಲ್ಲಿ ಹಿಡಿಯುವವರ ನಡುವಿನ ಅಂತರವೂ ಕಡಿಮೆ, ಯೋಚಿಸಲು ಸಿಗುವ ಸಮಯವೂ ಕಡಿಮೆ.

ತಂಡದಲ್ಲಿ ಹನ್ನೆರಡು ಮಂದಿ, ಅಂಕಣದಲ್ಲಿ ಏಳು ಮಂದಿ, ಹೊರಗೆ ಐವರು. ಏಳು ಮಂದಿ ನಿಲ್ಲುವ ಜಾಗಗಳಿಗೆ ನಮ್ಮ ಹಳ್ಳಿಯ ಹುಡುಗರೂ ಇಂಗ್ಲಿಷ್ ಹೆಸರನ್ನೇ ಹೇಳುತ್ತಾರೆ: ಎರಡು ತುದಿಗೆ ಲೆಫ್ಟ್ ಕಾರ್ನರ್, ರೈಟ್ ಕಾರ್ನರ್, ಅವರ ಪಕ್ಕಕ್ಕೆ ಇಬ್ಬರು ಇನ್, ಆಮೇಲೆ ಇಬ್ಬರು ಕವರ್, ನಡುವೆ ಸೆಂಟರ್. ಸಾಮಾನ್ಯವಾಗಿ ಇನ್ ಮತ್ತು ಸೆಂಟರ್ ಜಾಗಗಳಲ್ಲಿ ದಾಳಿಗಾರರೇ ನಿಲ್ಲುತ್ತಾರೆ. ಯಾಕೆಂದರೆ ಮೂವರು ದಾಳಿಗಾರರಿಲ್ಲದೆ ತಂಡ ನಡೆಯುವುದಿಲ್ಲ. ಹಾಗಾಗಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡವರಿಗೆ ಉಳಿಯುವುದು ನಾಲ್ಕೇ ಜಾಗ, ಎರಡು ಕಾರ್ನರ್ ಮತ್ತು ಎರಡು ಕವರ್. ಆ ನಾಲ್ಕಕ್ಕೆ ಆರೇಳು ಹುಡುಗರು ಕಾದಿರುತ್ತಾರೆ.

ಕಾರ್ನರಿನವನ ಮುಖ್ಯ ಆಯುಧ ಆಂಕಲ್ ಹೋಲ್ಡ್, ಹಿಮ್ಮಡಿಯ ಮೇಲಿನ ಗೆಣ್ಣನ್ನು ಹಿಡಿಯುವುದು. ಅಂಕಣದಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಎದುರಾಳಿಗಳಿದ್ದಾಗ ದಾಳಿಗಾರ ಬೋನಸ್ ಅಂಕಕ್ಕೆ ಆಸೆಪಡುತ್ತಾನೆ. ಒಂದು ಕಾಲು ಬೋನಸ್ ಗೆರೆಯ ಆಚೆ ಊರಿರಬೇಕು, ಆ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಆ ಒಂದು ಕ್ಷಣ ಅವನ ಇಡೀ ಭಾರ ಒಂದೇ ಕಾಲಿನ ಮೇಲಿರುತ್ತದೆ. ಕಾರ್ನರಿನವನು ಕಾಯುವುದು ಆ ಕ್ಷಣಕ್ಕಾಗಿಯೇ. ಮಂಡಿ ಬಾಗಿಸಿ, ಬೆನ್ನು ತಗ್ಗಿಸಿ, ಕಣ್ಣನ್ನು ಎದುರಾಳಿಯ ಮುಖದ ಮೇಲಲ್ಲ, ಸೊಂಟದ ಮೇಲೆ ಇಟ್ಟಿರುತ್ತಾನೆ. ಮುಖ ಸುಳ್ಳು ಹೇಳುತ್ತದೆ, ಕೈ ಮೋಸ ಮಾಡುತ್ತದೆ, ಸೊಂಟ ತಿರುಗದೆ ಯಾರೂ ಎಲ್ಲಿಗೂ ಹೋಗಲಾರರು. ಕಾಲು ಊರಿದ ಕೂಡಲೇ ಎರಡೂ ಅಂಗೈ ಗೆಣ್ಣನ್ನು ಸುತ್ತುತ್ತವೆ, ಭುಜ ಮೊಣಕಾಲಿನ ಹಿಂಭಾಗಕ್ಕೆ ಒತ್ತುತ್ತದೆ, ಗದ್ದ ಎದೆಗೆ ಅಂಟುತ್ತದೆ. ಗದ್ದ ಒಳಗೆಳೆದುಕೊಳ್ಳದವನಿಗೆ ದಾಳಿಗಾರನ ಇನ್ನೊಂದು ಮಂಡಿ ಮುಖಕ್ಕೆ ಬಡಿಯುವುದು ಖಂಡಿತ.

ಆದರೆ ಒಬ್ಬನೇ ಹಿಡಿದ ಕಾಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಂಬತ್ತು ಕಿಲೋ ತೂಗುವ ಗಟ್ಟಿ ಆಳು ನಡುಗೆರೆಯತ್ತ ಮೈ ಚೆಲ್ಲಿದರೆ, ಗೆಣ್ಣಿಗೆ ನೇತುಬಿದ್ದವನನ್ನೂ ಎಳೆದುಕೊಂಡೇ ಹೋಗುತ್ತಾನೆ. ಅಲ್ಲಿಗೆ ಕವರಿನವನು ಬರಬೇಕು. ಅವನದು ಬ್ಲಾಕ್: ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ದಾಳಿಗಾರನಿಗೂ ನಡುಗೆರೆಗೂ ಮಧ್ಯೆ ನುಗ್ಗಿ ನಿಲ್ಲುವುದು. ಇಲ್ಲವೇ ಡ್ಯಾಶ್: ಭುಜದಿಂದ ಗುದ್ದಿ ಅಂಕಣದ ಹೊರಕ್ಕೆ ಅಟ್ಟುವುದು. ತೊಡೆ ಹಿಡಿಯುವ ಥೈ ಹೋಲ್ಡ್, ಹಿಂದಿನಿಂದ ಸೊಂಟ ತಬ್ಬುವ ಬ್ಯಾಕ್ ಹೋಲ್ಡ್ ಎರಡೂ ಅವನಿಗೆ ಗೊತ್ತಿರಬೇಕು. ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ, ಕೂದಲು, ಬಟ್ಟೆ ಹಿಡಿಯುವಂತಿಲ್ಲ, ಕಾಲುಗಳನ್ನು ಕತ್ತರಿಯಂತೆ ಹಾಕಿ ಬೀಳಿಸುವಂತಿಲ್ಲ. ಇಷ್ಟು ಕಟ್ಟುಪಾಡುಗಳ ಒಳಗೆ ಓಡುವ ಮನುಷ್ಯನನ್ನು ನಿಲ್ಲಿಸಬೇಕು.

ಇಲ್ಲಿ ನನ್ನನ್ನು ಬೆರಗುಗೊಳಿಸುವುದು ಆ ಹಿಡಿತಗಳಿಗಿಂತ ಅವುಗಳ ನಡುವಿನ ಹೊಂದಿಕೆ. ಕಾರ್ನರಿನವನು ಹಾರಿದ ಮೇಲೆ ನೋಡಿ ಹೊರಡುವ ಕವರ್ ಆಗಲೇ ತಡವಾಗಿರುತ್ತಾನೆ. ಅವನು ಹಾರಲಿದ್ದಾನೆ ಎಂಬುದು ಕವರಿನವನಿಗೆ ಮುಂಚೆಯೇ ಗೊತ್ತಾಗಬೇಕು. ಹಿಡಿಯುವವರು ಕೈ ಹಿಡಿದು ಚೈನ್ ಕಟ್ಟುವುದು ನೋಟಕ್ಕಲ್ಲ. ಪಕ್ಕದವನ ಅಂಗೈ ಬಿಗಿಯಾಯಿತೇ, ಸಡಿಲವಾಯಿತೇ, ಮಣಿಕಟ್ಟು ಒಳಕ್ಕೆ ಸೆಳೆಯಿತೇ ಎಂಬುದರಲ್ಲೇ ಸುದ್ದಿ ಇರುತ್ತದೆ. ವರ್ಷಗಟ್ಟಲೆ ಒಟ್ಟಿಗೆ ಆಡಿದ ಜೋಡಿಗಳಲ್ಲಿ ಅದೂ ಬೇಕಾಗುವುದಿಲ್ಲ, ಉಸಿರಾಟದ ಸದ್ದೇ ಸಾಕು. ಹಗ್ಗ ಹೊಸೆಯುವಾಗ ಎರಡು ಎಳೆಗಳಿಗೂ ಒಂದೇ ಬಿಗುವಿನ ತಿರುಚು ಬೇಕಾದ ಹಾಗೆ, ಇಬ್ಬರ ಆತುರ ಮತ್ತು ತಾಳ್ಮೆ ಒಂದೇ ಅಳತೆಯಲ್ಲಿರಬೇಕು.

ಆದ್ದರಿಂದಲೇ ಜಾಗಕ್ಕಾಗಿ ನಡೆಯುವ ಪೈಪೋಟಿಯ ಲೆಕ್ಕ ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಅರ್ಥವಾಗದು. ಅಭ್ಯಾಸದಲ್ಲಿ ಹತ್ತು ಸಲ ಹಾರಿ ಐದು ಸಲ ಹಿಡಿದವನು ಕಣ್ಣಿಗೆ ಬೀಳುತ್ತಾನೆ, ಚಪ್ಪಾಳೆ ಗಿಟ್ಟಿಸುತ್ತಾನೆ. ಪಕ್ಕದವನು ನಾಲ್ಕು ಸಲ ಮಾತ್ರ ಹಾರಿ ಮೂರು ಸಲ ಹಿಡಿದಿರುತ್ತಾನೆ. ಒಳ್ಳೆಯ ತರಬೇತುದಾರ ಎರಡನೆಯವನನ್ನೇ ಇಳಿಸುತ್ತಾನೆ. ತಪ್ಪಿದ ಪ್ರತಿ ಹಾರಿಕೆಯೂ ಎದುರಾಳಿಗೆ ಒಂದು ಅಂಕ, ನಮಗೆ ಒಬ್ಬ ಆಟಗಾರ ಕಮ್ಮಿ. ಔಟಾದವನು ಹೊರಗೆ ಕೂರುತ್ತಾನೆ. ತನ್ನ ತಂಡ ಅಂಕ ಗಳಿಸಿ, ಸರದಿಯಲ್ಲಿ ತನ್ನ ಪಾಳಿ ಬಂದಾಗಲೇ ಒಳಗೆ ಬರುವುದು. ಆವರೆಗೆ ಅವನ ಮೂಲೆಯಲ್ಲಿ ಅಭ್ಯಾಸವಿಲ್ಲದ ಬೇರೊಬ್ಬ ನಿಂತಿರುತ್ತಾನೆ. ಒಂದು ಮೂಲೆ ಬರಿದಾದರೆ ಕವರು ಅತ್ತ ಸರಿಯಬೇಕು, ನಡುವೆ ಬಿರುಕು ಬೀಳುತ್ತದೆ, ಮುಂದಿನ ಎರಡು ದಾಳಿಯಲ್ಲಿ ಇನ್ನಿಬ್ಬರು ಹೋಗುತ್ತಾರೆ, ಕೊನೆಗೆ ಎಲ್ಲರೂ ಔಟಾಗಿ ಲೋನಾ ಬಿದ್ದು ಎದುರಾಳಿಗೆ ಮತ್ತೆರಡು ಅಂಕ. ಇಂಥ ಕುಸಿತದ ಬೇರು ಹುಡುಕಿದರೆ ಬಹಳ ಸಲ ಸಿಗುವುದು, ಬೇಗ ಹಾರಿದ ಒಬ್ಬ ಕಾರ್ನರ್.

ಹೀಗಾಗಿ ಬಲಗೈ ಬಲವಾಗಿದೆ, ತೊಡೆ ಗಟ್ಟಿಯಾಗಿದೆ ಎಂದ ಮಾತ್ರಕ್ಕೆ ಯಾರಿಗೂ ಜಾಗ ಸಿಗುವುದಿಲ್ಲ. ಎಡ ಕವರಿನ ಜೊತೆ ಯಾರು ಹೊಂದುತ್ತಾರೆ ಎಂದು ನೋಡಿ ಎಡ ಕಾರ್ನರಿನವನನ್ನು ಆರಿಸುತ್ತಾರೆ. ನಿಜವಾಗಿ ಅಲ್ಲಿ ಆಯ್ಕೆಯಾಗುವುದು ಜೋಡಿಗಳು. ತಂಡದ ಅತ್ಯುತ್ತಮ ಹಿಡಿತಗಾರನೇ ಹೊರಗೆ ಕೂತ ಉದಾಹರಣೆಗಳು ಊರೂರಲ್ಲಿವೆ. ಅವನಿಗೆ ಅದು ಅನ್ಯಾಯ ಅನ್ನಿಸುತ್ತದೆ, ನೋಡುವವರಿಗೂ ಹಾಗೆಯೇ. ಆದರೂ ಆ ತೀರ್ಮಾನ ಬಹಳ ಸಲ ಸರಿಯಾದದ್ದೇ.

ನಮ್ಮ ಜಿಲ್ಲೆಯಲ್ಲಿ ಈ ಪೈಪೋಟಿಗೆ ಇನ್ನೊಂದು ಮುಖವಿದೆ. ಇಲ್ಲಿ ಆಡುವವರಲ್ಲಿ ಬಹುಪಾಲು ರೇಷ್ಮೆ, ರಾಗಿ, ಹಸು ನೋಡಿಕೊಳ್ಳುವ ಮನೆಗಳ ಹುಡುಗರು. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಸುಮಾರು ಒಂದು ವಾರ ಸೊಪ್ಪಿನ ಕೆಲಸಕ್ಕೆ ಬಿಡುವೇ ಇಲ್ಲ. ಆ ವಾರ ಸಂಜೆಯ ಅಭ್ಯಾಸಕ್ಕೆ ಬರಲಾಗದವನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರದ್ದು ಪಾಳಿ ಕೆಲಸ. ಕಾರ್ನರಿನವನಿಗೆ ಹಗಲು ಪಾಳಿ, ಕವರಿನವನಿಗೆ ಎರಡನೇ ಪಾಳಿ ಬಿದ್ದರೆ ತಿಂಗಳುಗಟ್ಟಲೆ ಇಬ್ಬರೂ ಒಟ್ಟಿಗೆ ಮಣ್ಣಿಗೆ ಇಳಿಯುವುದೇ ಇಲ್ಲ. ದಾಳಿಗಾರ ಒಬ್ಬನೇ ಓಡಬಹುದು, ಒಬ್ಬನೇ ಉಸಿರು ಪಳಗಿಸಬಹುದು. ಹಿಡಿಯುವವನಿಗೆ ಜೊತೆಗಾರನಿಲ್ಲದೆ ಅಭ್ಯಾಸವೇ ಇಲ್ಲ. ಇಷ್ಟರ ನಡುವೆಯೂ ಕೈಲಾಂಚ, ಸಾತನೂರು, ಕುದೂರಿನಂಥ ಕಡೆ ಜೋಡಿ ಕಟ್ಟಿಕೊಂಡು ಆಡುವ ಹುಡುಗರನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ಈ ಜೋಡಿಗಳ ಮೂಲ ಹೆಚ್ಚಾಗಿ ಶಾಲೆಯಲ್ಲಿರುತ್ತದೆ. ಹೋಬಳಿ ಮಟ್ಟದಲ್ಲಿ ಗೆದ್ದು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುವ ಶಾಲಾ ಕ್ರೀಡಾಕೂಟದ ತಂಡವನ್ನು ಕಟ್ಟುವ ದೈಹಿಕ ಶಿಕ್ಷಕರೇ ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸುವವರು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಯಾಕೆಂದರೆ ಶಾಲೆ ಬಿಟ್ಟಮೇಲೆ ಅವರಿಗೆ ಹಳ್ಳಿಯಲ್ಲಿ ಆಡುವ ಅಂಕಣ ಸಿಗುವುದು ಅಪರೂಪ. ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದು ಅರ್ಜುನ ಪ್ರಶಸ್ತಿ ಪಡೆದವರು. ಅಂಥ ದಾರಿ ಶುರುವಾಗುವುದು ಶಾಲೆಯ ಮಣ್ಣಿನಲ್ಲೇ.

ದೊಡ್ಡ ಮಟ್ಟದಲ್ಲಿ ಈ ಕಸುಬು ಹೇಗೆ ಪಂದ್ಯ ಗೆಲ್ಲಿಸುತ್ತದೆ ಎಂಬುದಕ್ಕೆ ಪ್ರೊ ಕಬಡ್ಡಿಯಲ್ಲೇ ಸಾಕಷ್ಟು ಉದಾಹರಣೆಗಳಿವೆ. 2015ರ ಎರಡನೇ ಆವೃತ್ತಿಯ ಫೈನಲ್‌ನಲ್ಲಿ ಯು ಮುಂಬಾ ನಮ್ಮ ಬೆಂಗಳೂರು ಬುಲ್ಸ್ ತಂಡವನ್ನು ಸೋಲಿಸಿತು. ಆ ಯು ಮುಂಬಾದ ಎರಡು ಮೂಲೆಗಳಲ್ಲಿ ನಿಂತಿದ್ದವರು ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್. ಮುಂದೆ ಇಬ್ಬರೂ ಜೊತೆಯಾಗಿಯೇ ಬೆಂಗಳೂರಿಗೆ ಬಂದರು, ಆಮೇಲೆ ಜೊತೆಯಾಗಿಯೇ ಹರಿಯಾಣ ಸ್ಟೀಲರ್ಸ್ ಸೇರಿದರು. ತಂಡಗಳು ಜೋಡಿಗೆ ಬೆಲೆ ಕಟ್ಟಿದ್ದು ಹೀಗೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ಸೆಮಿಫೈನಲ್‌ನಲ್ಲಿ ಭಾರತದ ಪುರುಷರನ್ನು ಮಣಿಸಿದಾಗ ದೇಶವೇ ಬೆಚ್ಚಿತು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಏಷ್ಯನ್ ಕೂಟಕ್ಕೆ ಸೇರಿದಂದಿನಿಂದ ಆ ಚಿನ್ನ ನಮ್ಮ ಕೈ ತಪ್ಪಿರಲಿಲ್ಲ. ಆ ದಿನ ಇರಾನನ್ನು ಗೆಲ್ಲಿಸಿದ್ದು ಅವರ ಹಿಡಿತ.

ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರನ್ನು ಈ ಮಾತಿನಲ್ಲಿ ನೆನೆಯಲೇಬೇಕು. ಆಟಗಾರರಾಗಿ 2001ರ ಅರ್ಜುನ ಪ್ರಶಸ್ತಿ ಪಡೆದವರು. ತರಬೇತುದಾರರಾಗಿ ಬೇರೆ ಬೇರೆ ತಂಡಗಳಿಗೆ ಪ್ರೊ ಕಬಡ್ಡಿ ಕಿರೀಟ ತೊಡಿಸಿದವರು. 2024ರ ಮಾರ್ಚ್ 1ರಂದು ಹೈದರಾಬಾದಿನ ಫೈನಲ್‌ನಲ್ಲಿ ಅವರ ಪುಣೇರಿ ಪಲ್ಟನ್ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಗೆದ್ದಿತು. ಆ ತಂಡದ ಎಡ ಮೂಲೆಯಲ್ಲಿದ್ದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಆ ಆವೃತ್ತಿಯ ಅತಿ ಹೆಚ್ಚು ಹಿಡಿತದ ಅಂಕ ಗಳಿಸಿದವನು. ಅವನಿಗೆ ಅಷ್ಟು ಧೈರ್ಯವಾಗಿ ಮುನ್ನುಗ್ಗಲು ಸಾಧ್ಯವಾದದ್ದು ಪಕ್ಕದಲ್ಲಿ ಸಂಕೇತ್ ಸಾವಂತ್, ಆಚೆ ಅಬಿನೇಶ್ ನಡರಾಜನ್, ಗೌರವ್ ಖತ್ರಿ ಇದ್ದದ್ದರಿಂದ. ಪಂದ್ಯಗಳನ್ನು ಮತ್ತೆ ನೋಡುವ ಅವಕಾಶವಿದ್ದವರು ಶಾದ್ಲೂಯಿಯನ್ನು ಬಿಟ್ಟು ಉಳಿದ ಮೂವರ ಕಾಲುಗಳನ್ನಷ್ಟೇ ನೋಡಿ. ಅವನು ಹೊರಡುವ ಮೊದಲೇ ಅವರು ಅರ್ಧ ಹೆಜ್ಜೆ ಜರುಗಿರುತ್ತಾರೆ.

ಕಡಲಾಚೆ ಅಮೆರಿಕದವರು ಆಡುವ ಫುಟ್‌ಬಾಲ್‌ನಲ್ಲೂ ಇಂಥದೇ ಒಂದು ಸಾಲಿದೆ. ಹನ್ನೊಂದು ಮಂದಿಯಲ್ಲಿ ಐವರು ಮುಂದೆ ಅಡ್ಡಲಾಗಿ ನಿಂತು, ಚೆಂಡು ಎಸೆಯುವವನ ಮೇಲೆ ಎದುರಾಳಿಗಳು ಬೀಳದಂತೆ ತಡೆಯುತ್ತಾರೆ. ನಡುವಿನವನು ಚೆಂಡನ್ನು ಹಿಂದಕ್ಕೆ ದಾಟಿಸುವುದನ್ನು ಬಿಟ್ಟರೆ ಉಳಿದ ನಾಲ್ವರ ಕೈಗೆ ಅದು ಬರುವುದೇ ಅಪರೂಪ. ಅಲ್ಲಿಯೂ ಪ್ರತಿ ವರ್ಷ ಋತುವಿಗೆ ಮುಂಚಿನ ಶಿಬಿರದಲ್ಲಿ ಆ ಐದು ಜಾಗಗಳಿಗೆ ತೀವ್ರ ಪೈಪೋಟಿ, ಅಲ್ಲಿಯೂ ಒಬ್ಬೊಬ್ಬನ ಬಲಕ್ಕಿಂತ ಐವರ ಹೊಂದಿಕೆಗೆ ಬೆಲೆ. ಕಾಣದ ಕೆಲಸ ಮಾಡುವವರು ಎಲ್ಲ ಊರಿನ ಆಟದಲ್ಲೂ ಇದ್ದಾರೆ.

ನಮ್ಮ ಕಡೆಯ ಪಂದ್ಯಾವಳಿಗಳಲ್ಲಿ ಕೊನೆಗೆ ಕೊಡುವ ವೈಯಕ್ತಿಕ ಬಹುಮಾನಗಳು ಸಾಮಾನ್ಯವಾಗಿ ಮೂರು: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಮೂರೂ ಒಬ್ಬೊಬ್ಬರಿಗೆ ಕೊಡುವಂಥವು. ಹಿಡಿಯುವ ಕೆಲಸ ಇಬ್ಬರದು ಎಂದು ಒಪ್ಪುವುದಾದರೆ ಅದಕ್ಕೆ ತಕ್ಕ ಬಹುಮಾನವೂ ಬೇಕು. ಪಂದ್ಯ ನಡೆಸುವ ಯುವಕ ಸಂಘಗಳವರಲ್ಲಿ ನನ್ನದು ಒಂದೇ ಕೋರಿಕೆ: ಮುಂದಿನ ಸಲ ಅತ್ಯುತ್ತಮ ಕಾರ್ನರ್–ಕವರ್ ಜೋಡಿಗೆಂದು ಇನ್ನೊಂದು ಬಹುಮಾನ ಇಡಿ, ಒಂದಲ್ಲ, ಎರಡು ಕಪ್ ತನ್ನಿ, ಇಬ್ಬರ ಹೆಸರನ್ನೂ ಮೈಕಿನಲ್ಲಿ ಒಟ್ಟಿಗೆ ಕೂಗಿ.