ಕಾಫಿಯ ಮಲೆಗಳಲ್ಲಿ ಶಿಶುಶಿಕ್ಷಣವೂ ಜನಸಂಖ್ಯೆಯೂ

‘ಅಂಗನವಾಡಿ’ ಎಂಬ ಮಾತು ಇಂದು ಕನ್ನಡನಾಡಿನ ಹಳ್ಳಿಹಳ್ಳಿಯಲ್ಲಿಯೂ ಬಳಕೆಯಲ್ಲಿರುವುದಾದರೂ ಅದರ ಹುಟ್ಟು ಬಹಳ ಹಿಂದಿನದಲ್ಲ. ಗಿಜುಭಾಯಿ ಬಧೇಕಾ ಅವರೊಡನೆ ಶಿಶುಶಿಕ್ಷಣಕ್ಕಾಗಿ ದುಡಿದ ತಾರಾಬಾಯಿ ಮೋಡಕ್ ಅವರು ೧೯೪೫ನೆಯ ಇಸವಿಯಲ್ಲಿ ಬೋರ್ಡಿ ಎಂಬ ಊರಿನಲ್ಲಿ ಗ್ರಾಮದ ಮಕ್ಕಳಿಗಾಗಿ ಒಂದು ಶಿಕ್ಷಣಕೇಂದ್ರವನ್ನು ಸ್ಥಾಪಿಸಿದರು. ಶಾಲೆಗೆ ಬಾರದಿದ್ದ ಆದಿವಾಸಿ ಮಕ್ಕಳಿದ್ದೆಡೆಗೆ ಪಾಠವನ್ನೇ ಕೊಂಡೊಯ್ದು ಮನೆಯಂಗಳದಲ್ಲಿ ನಡೆಸಿದುದರಿಂದ ಅದಕ್ಕೆ ಈ ಹೆಸರು ಸಂದಿತು. ನಮ್ಮ ‘ಅಂಗಳ’ಕ್ಕೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಿಯೇ ಇದೆ. ಮಗುವು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗತಕ್ಕದ್ದೆಂಬ ತತ್ತ್ವವು ಪದದಲ್ಲಿಯೇ ಅಡಗಿರುವುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತಗಳ ಕಾಫಿಯ ಮಲೆಗಳಲ್ಲಿ ಈ ತತ್ತ್ವಕ್ಕೆ ಒದಗಿರುವ ಪರೀಕ್ಷೆಯು ವಿಚಾರಾರ್ಹವಾದುದು.

ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ೧೯೭೫ನೆಯ ಇಸವಿ ಅಕ್ಟೋಬರ್ ೨ನೆಯ ತಾರೀಖು ೩೩ ಕಡೆಗಳಲ್ಲಿ ಆರಂಭಿಸಿತು. ಕರ್ಣಾಟಕದಲ್ಲಿ ಅದು ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ಪೂರಕಾಹಾರ, ಚುಚ್ಚುಮದ್ದು, ಆರೋಗ್ಯಪರೀಕ್ಷೆ ಮೊದಲಾದ ಸೇವೆಗಳೊಡನೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿ ಸೇರಿತ್ತು. ೪೦೦ರಿಂದ ೮೦೦ ಜನರಿಗೆ ಒಂದು ಕೇಂದ್ರವೆಂದೂ, ಗುಡ್ಡಗಾಡಿನಲ್ಲಿ ೩೦೦ ಜನರಿದ್ದರೂ ಸಾಕೆಂದೂ ಮುಂದೆ ಪ್ರಮಾಣವೇರ್ಪಟ್ಟಿತು. ಸರ್ವೋಚ್ಚ ನ್ಯಾಯಾಲಯವು ೨೦೦೬ನೆಯ ಇಸವಿ ಡಿಸೆಂಬರ್ ೧೩ರಂದು ಕೊಟ್ಟ ಆಜ್ಞೆಯ ಮೇರೆಗೆ, ಆರು ವರ್ಷದೊಳಗಿನ ೪೦ ಮಕ್ಕಳಿದ್ದೂ ಅಂಗನವಾಡಿಯಿಲ್ಲದ ವಸತಿಯವರು ಅದನ್ನು ಕೇಳಿದರೆ ಮೂರು ತಿಂಗಳೊಳಗೆ ಒದಗಿಸತಕ್ಕದ್ದು. ಇವೆಲ್ಲವೂ ತಲೆಯೆಣಿಕೆಯನ್ನು ಆಧರಿಸಿದ ನಿಯಮಗಳು. ಮಲೆನಾಡಿನಲ್ಲಿ ತೊಡಕು ಹುಟ್ಟುವುದು ಈ ಎಣಿಕೆಯಲ್ಲಿಯೇ.

೨೦೦೧ರ ಖಾನೇಷುಮಾರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು ೧೧,೪೦,೯೦೫, ೨೦೧೧ರಲ್ಲಿ ೧೧,೩೭,೯೬೧. ಆ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆಯು ನೂರಕ್ಕೆ ಸುಮಾರು ೧೫.೬ರಷ್ಟು ಬೆಳೆಯಿತು, ಈ ಜಿಲ್ಲೆಯಲ್ಲಿ ೨,೯೪೪ ಜನ ಕಡಮೆಯಾದರು. ಇದಕ್ಕೆ ಕಾರಣಗಳು ಹಲವು. ಜನನಪ್ರಮಾಣವು ಇಳಿಯಿತು; ವ್ಯಾಸಂಗಕ್ಕೂ ಉದ್ಯೋಗಕ್ಕೂ ಯುವಕರು ಪಟ್ಟಣಗಳಿಗೆ ಹೋದರು; ಕಳಸದ ಸಮೀಪದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯು ೨೦೦೫ರ ಕೊನೆಗೆ ನಿಂತುಹೋಗಲು, ಅದನ್ನೇ ನಂಬಿ ನೆಲಸಿದ್ದ ಕುಟುಂಬಗಳು ಊರು ಬಿಟ್ಟುವು. ಮಕ್ಕಳು ವಿರಳವಾದಂತೆ ಅಂಗನವಾಡಿಯ ದಾಖಲೆಪಟ್ಟಿಯೂ ಕಿರಿದಾಗುವುದು ಸಹಜ. ಇದನ್ನು ಕೇಂದ್ರದ ಸೋಲೆಂದು ಬಗೆಯುವುದು ನ್ಯಾಯವಲ್ಲ.

ನೆಲಸಿದವರ ಸಂಖ್ಯೆ ಕುಗ್ಗಿದರೂ ಬಂದುಹೋಗುವವರ ಸಂಖ್ಯೆ ಹಾಗಲ್ಲ. ಕಾಫಿಯ ಕೊಯ್ಲು ಕಾರ್ತಿಕದ ಸುಮಾರಿಗೆ ಆರಂಭವಾಗಿ ಫಾಲ್ಗುಣದವರೆಗೆ ಸಾಗುವುದು. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಆಳುಗಳು ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಬಯಲುಸೀಮೆಯವರೂ ದೂರದ ಅಸ್ಸಾಮಿನವರೂ ತೋಟದ ಲೈನುಮನೆಗಳಲ್ಲಿ ಬಂದಿಳಿಯುವರು. ಕೊಯ್ಲಿನಲ್ಲಿ ೪೦ ಮಕ್ಕಳಿರುವ ಲೈನಿನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಹತ್ತು ಮಕ್ಕಳೂ ಉಳಿಯದಿರಬಹುದು. ಆಗ ಆ ವಸತಿಯ ಸಂಖ್ಯೆ ಯಾವುದು? ಇತ್ತ ಊರಿನ ಮಕ್ಕಳಿಗೂ ಮಳೆಗಾಲವು ಅಡ್ಡಿಯೇ. ಹಳ್ಳವುಕ್ಕಿ ಕಾಲುಸಂಕವು ಮುಳುಗಿದ ದಿನ ಮೂರು ವರ್ಷದ ಮಗುವನ್ನು ಯಾವ ತಾಯಿಯೂ ಆಚೆಯ ದಡಕ್ಕೆ ಕಳುಹಿಸಳು.

ಕೇಂದ್ರದ ಸಾಧನೆಯನ್ನು ಸಾಮಾನ್ಯವಾಗಿ ದಾಖಲಾದ ಮಕ್ಕಳಲ್ಲಿ ಹಾಜರಾದವರೆಷ್ಟು ಎಂಬುದರಿಂದ ಅಳೆಯುವರು. ೧೨ ಮಕ್ಕಳಿರುವ ಕೇಂದ್ರದಿಂದ ಒಂದೇ ಮನೆಯ ಮೂವರು ಹೊರಟುಹೋದರೆ ನೂರಕ್ಕೆ ೨೫ರಷ್ಟು ಇಳಿತವಾಗುವುದು. ೬೦ ಮಕ್ಕಳಿರುವಲ್ಲಿ ಅದೇ ಮೂವರು ಹೋದರೆ ಇಳಿತವು ನೂರಕ್ಕೆ ೫ ಮಾತ್ರ. ಚಿಕ್ಕ ಸಂಖ್ಯೆಗಳ ಶೇಕಡಾಲೆಕ್ಕವು ಹೀಗೆ ಮೋಸಮಾಡುವುದು. ಇದಕ್ಕಿಂತ ಗಂಭೀರವಾದ ದೋಷವೊಂದುಂಟು: ದಾಖಲೆಯೇ ಆಗದ ಮಗುವು ಈ ಲೆಕ್ಕದಲ್ಲಿ ಬಾರದಿರುವುದು. ಲೈನಿನ ಮಕ್ಕಳೆಲ್ಲರನ್ನೂ ಹೊರಗಿಟ್ಟ ಕೇಂದ್ರವೂ ಪೂರ್ಣಹಾಜರಿಯನ್ನು ತೋರಿಸಬಲ್ಲುದು! ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. ೨೦೧೧ರಲ್ಲಿ ಎಣಿಸಲ್ಪಟ್ಟ ಶಿಶುಗಳಲ್ಲಿ ಒಬ್ಬರೂ ಈಗ ಅಂಗನವಾಡಿಯ ವಯಸ್ಸಿನವರಲ್ಲ.

ತೋಟದೊಡೆಯರ ಹೊಣೆಯನ್ನು ಶಾಸನವು ಮರೆತಿರಲಿಲ್ಲ. ೫೦ ಅಥವಾ ಅದಕ್ಕೆ ಮೇಲ್ಪಟ್ಟು ಹೆಂಗಸರು ದುಡಿಯುವ ತೋಟದಲ್ಲಿ ಅವರ ಎಳೆಯ ಮಕ್ಕಳಿಗಾಗಿ ಶಿಶುಪಾಲನಗೃಹವಿರಬೇಕೆಂದು ೧೯೫೧ರ ತೋಟಗಾರ್ಮಿಕರ ಕಾಯಿದೆಯು ವಿಧಿಸಿತು. ಆದರೆ ಭಾರತದ ಕಾಫಿತೋಟಗಳಲ್ಲಿ ೧೦ ಹೆಕ್ಟೇರಿಗಿಂತ ಕಿರಿಯವೇ ಸಂಖ್ಯೆಯಲ್ಲಿ ಬಹುಪಾಲು. ಅಂತಹ ತೋಟಕ್ಕೆ ಬರುವ ಹತ್ತಿಪ್ಪತ್ತು ಆಳುಗಳ ಮಕ್ಕಳು ಈ ವಿಧಿಗೆ ಹೊರಗಾದರು. ತೋಟದ ಕೆಲಸವು ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಆರಂಭವಾಗುವುದರಿಂದ, ತಾಯಿಯು ಮಗುವನ್ನು ಗಿಡದ ಬುಡದಲ್ಲಿ ಕೂರಿಸುವಳು, ಇಲ್ಲವೆ ಅಕ್ಕನ ವಶಕ್ಕೆ ಬಿಡುವಳು. ಹಾಗೆ ಬಿಟ್ಟಾಗ ಅಕ್ಕನ ಶಾಲೆಯೂ ತಪ್ಪುವುದು.

ಭಾಷೆಯ ವಿಷಯವು ಅಧ್ಯಾಪಕರಿಗೆ ವಿಶೇಷವಾಗಿ ಗಮನಾರ್ಹ. ಈ ಮಲೆಗಳಲ್ಲಿ ತುಳು, ಕೊಂಕಣಿ, ತಮಿಳು, ಬ್ಯಾರಿ, ಲಂಬಾಣಿ, ಅಸ್ಸಾಮಿ ಮನೆಮಾತಿನ ಮಕ್ಕಳು ಕನ್ನಡವನ್ನು ಕ್ರಮವಾಗಿ ಕೇಳುವುದು ಅಂಗನವಾಡಿಯ ಚಾಪೆಯ ಮೇಲೆಯೇ. ಅಲ್ಲಿ ಮೌನವಾಗಿರುವ ಮಗುವನ್ನು ಮಂದಬುದ್ಧಿಯದೆಂದು ಎಣಿಸುವುದು ತಪ್ಪು. ಅದು ಎರಡನೆಯ ಮಾತನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತಿರಬಹುದು. ಹಾಡು, ಅಭಿನಯ, ಆಟಗಳಿಂದ ಪದವನ್ನೂ ವಸ್ತುವನ್ನೂ ಕೂಡಿಸಿ ಕಲಿಸುವ ಕಾರ್ಯಕರ್ತೆಯು ಕನ್ನಡಕ್ಕೆ ಮಾಡುವ ಸೇವೆಯು ಯಾವ ತಃಖ್ತೆಯಲ್ಲಿಯೂ ಕಾಣದು.

ಆದುದರಿಂದ ಮಲೆನಾಡಿನ ಶಿಶುಕೇಂದ್ರದ ಗುಣಾವಗುಣಗಳನ್ನು ನಿರ್ಣಯಿಸುವವರು ಹಾಜರಿಯ ಪುಸ್ತಕದೊಡನೆ ಕೊಯ್ಲಿನ ತಿಂಗಳುಗಳನ್ನೂ, ಮಳೆಯನ್ನೂ, ದಾರಿಯ ದೂರವನ್ನೂ, ಮನೆಮಾತನ್ನೂ ಸೇರಿಸಿ ಓದಬೇಕು. ಲೈನುಮನೆಗಳ ಮಕ್ಕಳನ್ನು ಕೊಯ್ಲಿನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಬೇರೆಯಾಗಿ ಎಣಿಸಬೇಕು. ಸಂಖ್ಯೆ ಸಾಲದೆಂದು ಒಂದು ಕೇಂದ್ರವನ್ನು ಮತ್ತೊಂದರೊಡನೆ ಕೂಡಿಸಿದರೆ ಲೆಕ್ಕವು ಅಂದವಾಗಬಹುದು. ಆದರೆ ನಡುವಣ ಗುಡ್ಡವನ್ನು ಹತ್ತಿಳಿಯಬೇಕಾದುದು ಮೂರು ವರ್ಷದ ಕಾಲುಗಳು.