ರೈಲು ನಿಂತರೆ ಸಾಕೇ, ಹತ್ತುವುದು ಬೇಡವೇ?

ಸಣ್ಣ ನಿಲ್ದಾಣಗಳಲ್ಲಿ ಪ್ಯಾಸೆಂಜರ್ ರೈಲು ನಿಲ್ಲುವುದು ಸಾಮಾನ್ಯವಾಗಿ ಒಂದೇ ನಿಮಿಷ. ಅಷ್ಟರಲ್ಲೇ ಇಳಿಯುವವರು ಇಳಿಯಬೇಕು, ಹತ್ತುವವರು ಹತ್ತಬೇಕು. ಕಾಲೇಜು ಹುಡುಗ ಒಂದೇ ನೆಗೆತಕ್ಕೆ ಒಳಗೆ ಸೇರಿಬಿಡುತ್ತಾನೆ. ಮಂಡಿ ನೋವಿನ ಅಜ್ಜಿಗೆ, ಕಂಕುಳಲ್ಲಿ ಕೂಸಿರುವ ತಾಯಿಗೆ, ಚಕ್ಕೋತದ ಮಂಕರಿ ಹೊತ್ತವಳಿಗೆ, ಊರುಗೋಲು ಹಿಡಿದ ವಿದ್ಯಾರ್ಥಿಗೆ ಆ ಒಂದು ನಿಮಿಷ ದೊಡ್ಡ ಪರೀಕ್ಷೆ. ಗಾಲಿಕುರ್ಚಿಯಲ್ಲಿ ಇರುವವರಂತೂ ಬೇರೆಯವರು ಎತ್ತಿ ಒಳಗಿಡದೆ ಹತ್ತುವಂತೆಯೇ ಇಲ್ಲ.

ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ದಾರಿಯ ರೈಲಿಗೆ ನೂರು ವರ್ಷ ದಾಟಿದೆ. 1915ರ ಸುಮಾರಿಗೆ ಇಲ್ಲಿ ಓಡತೊಡಗಿದ್ದು ನ್ಯಾರೋಗೇಜ್ ಗಾಡಿ. ಎರಡು ಹಳಿಗಳ ನಡುವಿನ ಅಂತರ ಬರೀ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಗಾಡಿ ಪುಟ್ಟದು, ಬೋಗಿಯ ನೆಲವೂ ತಗ್ಗು. ಮುಂದೆ ಈ ಮಾರ್ಗ ಬ್ರಾಡ್‌ಗೇಜ್ ಆಯಿತು. ಅಂತರ 1676 ಮಿಲಿಮೀಟರಿಗೆ ಏರಿತು. ಹಳಿ ಅಗಲವಾದಂತೆ ಗಾಡಿ ದೊಡ್ಡದಾಯಿತು, ನೆಲ ಮೇಲೇರಿತು. ಹತ್ತುವವರ ಕಾಲು ಮಾತ್ರ ಮೊದಲಿನಷ್ಟೇ ಉದ್ದ!

ಭಾರತೀಯ ರೈಲ್ವೆಯಲ್ಲಿ ಪ್ಲಾಟ್‌ಫಾರಂ ಮೂರು ಬಗೆ. ಹಳಿಯ ಮಟ್ಟದಲ್ಲೇ ಇರುವಂಥದ್ದು ಒಂದು. ಹಳಿಯಿಂದ 45.5 ಸೆಂಟಿಮೀಟರ್ ಎತ್ತರದ್ದು ಇನ್ನೊಂದು. 76ರಿಂದ 84 ಸೆಂಟಿಮೀಟರ್ ಎತ್ತರದ್ದು ಮೂರನೆಯದು. ಬೋಗಿಯ ನೆಲ ಹಳಿಯಿಂದ ಸುಮಾರು 120 ಸೆಂಟಿಮೀಟರ್ ಮೇಲಿರುತ್ತದೆ. ಕಳೆಯುವ ಲೆಕ್ಕ ಮಾಡಿ ನೋಡಿ. ಎರಡನೆಯ ಬಗೆಯಲ್ಲಿ ಸುಮಾರು 75 ಸೆಂಟಿಮೀಟರ್ ಏರಬೇಕು. ಮನೆಯ ಮೆಟ್ಟಿಲುಗಳ ಲೆಕ್ಕದಲ್ಲಿ ನಾಲ್ಕೈದು ಮೆಟ್ಟಿಲು. ಅತಿ ಎತ್ತರದ ಪ್ಲಾಟ್‌ಫಾರಂನಲ್ಲೂ ಎರಡು ಮೆಟ್ಟಿಲಿನಷ್ಟು ಬಾಕಿ ಉಳಿಯುತ್ತದೆ. ಜೊತೆಗೆ ಅಂಚಿಗೂ ಬೋಗಿಗೂ ನಡುವೆ ಸಂದು.

ನಮ್ಮ ಮೆಟ್ರೋದಲ್ಲಿ ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುತ್ತದಲ್ಲ, ಇಲ್ಲೇಕೆ ಆಗದು ಎಂದು ಮಕ್ಕಳು ಕೇಳುವುದು ನ್ಯಾಯವೇ. ಮೆಟ್ರೋ ಹಳಿಯಲ್ಲಿ ಒಂದೇ ಅಳತೆಯ ಗಾಡಿಗಳು ಓಡುತ್ತವೆ. ಹಾಗಾಗಿ ಪ್ಲಾಟ್‌ಫಾರಂ ಅನ್ನು ಬೋಗಿಯ ನೆಲಕ್ಕೆ ಸರಿಸಮ ಕಟ್ಟಬಹುದು. ರೈಲ್ವೆಯ ಹಳಿಯಲ್ಲಿ ಮೆಮು, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲವೂ ಸಾಗಬೇಕು. ಕಾರಣ ಒಪ್ಪುವಂಥದ್ದೇ. ಆದರೆ ಒಂದು ಮಡಚುವ ಹಲಗೆ, ಅದನ್ನು ಹಾಸಲು ಒಬ್ಬ ಸಿಬ್ಬಂದಿ, ಇನ್ನೆರಡು ನಿಮಿಷದ ನಿಲುಗಡೆ, ಇವಕ್ಕೆ ಗೂಡ್ಸ್ ಗಾಡಿ ಅಡ್ಡಿಯಲ್ಲ.

ಪ್ಲಾಟ್‌ಫಾರಂ ತಲುಪುವುದೂ ಒಂದು ಪಾಡು. ಅದಕ್ಕೆ ಬೇಕಾದದ್ದು ಇಳಿಜಾರು ದಾರಿ, ಪ್ರೌಢಶಾಲೆಯ ಪಾಠದ ಇಳಿಜಾರು ಸಮತಲವೇ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು ಎಂಬುದು ಒಪ್ಪಿತವಾದ ಅಳತೆ. 84 ಸೆಂಟಿಮೀಟರ್ ಏರಲು ಸುಮಾರು 10 ಮೀಟರ್ ಬೇಕಾಯಿತು. ಕುರ್ಚಿ ಮತ್ತು ಕುಳಿತವರ ತೂಕ ಸೇರಿ 80 ಕಿಲೋ ಎಂದುಕೊಳ್ಳಿ. ಘರ್ಷಣೆಯನ್ನು ಬಿಟ್ಟರೆ 7 ಕಿಲೋ ತೂಕ ಎತ್ತುವಷ್ಟು ಬಲವೂ ಬೇಡ. ಜಾಗ ಉಳಿಸಲು ಉದ್ದವನ್ನು ಅರ್ಧ ಮಾಡಿದರೆ ಬಲ ಇಮ್ಮಡಿಯಾಗುತ್ತದೆ, ಇಳಿಯುವಾಗ ಕುರ್ಚಿ ಕೈತಪ್ಪುವ ಭಯ ಬೇರೆ. ಕಡಿದಾದ ಇಳಿಜಾರು ಕಟ್ಟಿ ‘ಸೌಲಭ್ಯ ಒದಗಿಸಿದ್ದೇವೆ’ ಎಂದು ಫಲಕ ಹಾಕುವುದಕ್ಕಿಂತ ಕಟ್ಟದಿರುವುದೇ ಮೇಲು.

ಹಳದಿ ಹಾಸುಬಿಲ್ಲೆಗಳನ್ನು ಮಕ್ಕಳು ನೋಡಿರುತ್ತಾರೆ. ಅವು ಅಂದಕ್ಕಲ್ಲ. ಉದ್ದ ಗೆರೆಗಳಿದ್ದರೆ ‘ಮುಂದೆ ನಡೆ’, ಗುಂಡು ಚುಕ್ಕಿಗಳಿದ್ದರೆ ‘ಎಚ್ಚರ, ನಿಲ್ಲು’ ಎಂದು ಅಂಧರ ಪಾದಕ್ಕೂ ಕೋಲಿಗೂ ತಿಳಿಸುವ ಲಿಪಿ. ಅದರ ಮೇಲೆ ಸೂಟ್‌ಕೇಸ್ ಇಟ್ಟರೆ ಫಲಕಕ್ಕೆ ಮಸಿ ಬಳಿದಂತೆ.

ಇದೇ ಮಾರ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಪಕ್ಕದಲ್ಲೇ ರೈಲು ಹಳಿ ಇದ್ದರೂ ಅಲ್ಲಿಗೆಂದು ಹಾಲ್ಟ್ ನಿಲ್ದಾಣ ಬಂದದ್ದು 2021ರ ಜನವರಿ 4ರಂದು. ಹಾಲ್ಟ್‌ನಿಂದ ಟರ್ಮಿನಲ್‌ಗೆ ನಡೆದು ಹೋಗುವಂತಿಲ್ಲ, ಬಸ್ಸು ಹಿಡಿಯಬೇಕು. ಇನ್ನು ಮಾರ್ಗವೋ ಒಂಟಿ ಹಳಿಯದು. ಎದುರಿನ ಗಾಡಿಗೆ ದಾರಿ ಬಿಡಲು ಹೆಚ್ಚುವರಿ ಹಳಿ ಇರುವ ನಿಲ್ದಾಣದಲ್ಲೇ ಕಾಯಬೇಕು; ಹಾಗಾಗಿ ಬೇಕೆಂದಷ್ಟು ಗಾಡಿ ಬಿಡಲಾಗದು. ನಡುರಾತ್ರಿ ಪಾಳಿ ಮುಗಿಸುವ ಕೆಲಸಗಾರನಿಗೆ ರೈಲಿನ ವೇಳೆ ಹೊಂದದಿದ್ದರೆ, ಪ್ಲಾಟ್‌ಫಾರಂ ಎಷ್ಟು ಚೆನ್ನಾಗಿದ್ದರೇನು? ಯಲಹಂಕ ಮತ್ತು ದೇವನಹಳ್ಳಿ ನಡುವೆ ಜೋಡಿಹಳಿಗೆ ಮಂಜೂರಾತಿ ದೊರೆತಿರುವುದು ಈ ದೃಷ್ಟಿಯಿಂದ ಸಮಾಧಾನದ ಸಂಗತಿ.

ಕಾನೂನಿಗೇನೂ ಬರವಿಲ್ಲ. 1995ರ ಅಂಗವಿಕಲರ ಕಾಯ್ದೆ ರೈಲು ಬೋಗಿಗಳನ್ನು ಮಾರ್ಪಡಿಸಲು ಹೇಳಿತ್ತು, ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಜಾರಿಕೆಯ ಷರತ್ತಿನೊಡನೆ. 2016ರ ಕಾಯ್ದೆ ಹೆಚ್ಚು ಬಿಗಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಾವಳಿ ಪ್ರಕಟವಾದ 5 ವರ್ಷದೊಳಗೆ ಸುಗಮಗೊಳಿಸಬೇಕೆಂದು ಅದು ಗಡುವಿಟ್ಟಿತು. ನಿಯಮಾವಳಿ ಬಂದದ್ದು 2017ರಲ್ಲಿ. ಗಡುವು ಯಾವಾಗಲೋ ಮುಗಿದಿದೆ.

ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಕಟ್ಟಡಗಳನ್ನು ಪರಂಪರೆಯ ಆಸ್ತಿಯಾಗಿ ಉಳಿಸಲು ಇಂಟ್ಯಾಕ್ ಸಂಸ್ಥೆ ಆಸಕ್ತಿ ವಹಿಸಿದೆ. ಹೆಂಚು ಗೋಡೆಗಳ ದುರಸ್ತಿಯ ಜೊತೆಗೇ ಬಾಗಿಲ ಬಳಿಯ ಮೆಟ್ಟಿಲಿನ ಪಕ್ಕ ಒಂದು ಇಳಿಜಾರನ್ನೂ ಸೇರಿಸಿದರೆ ಪರಂಪರೆಗೇನೂ ಕುಂದಾಗದು. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲೂ ದೇವನಹಳ್ಳಿಗೆ ‘ಸಂಪಿಗೆ’ ಮಾರ್ಗ ಸೇರಿದೆ. ಕಟ್ಟಿದ ಮೇಲೆ ಒಡೆಯುವುದಕ್ಕಿಂತ ನಕ್ಷೆಯಲ್ಲೇ ತಿದ್ದುವುದು ಅಗ್ಗ.

ರಜೆಯಲ್ಲಿ ನಂದಿಬೆಟ್ಟಕ್ಕೋ ಅಜ್ಜಿಯ ಊರಿಗೋ ಹೊರಟಾಗ ಮಕ್ಕಳು ಒಂದು ಅಳತೆಪಟ್ಟಿ ಇಟ್ಟುಕೊಳ್ಳಲಿ. ಹಳಿಯ ಹತ್ತಿರ ಹೋಗಬೇಕಾಗಿಲ್ಲ. ನಿಲ್ದಾಣದ ಹೊರಬಾಗಿಲಿನ ಇಳಿಜಾರಿನ ಉದ್ದವನ್ನು ಅದು ಏರುವ ಎತ್ತರದಿಂದ ಭಾಗಿಸಿದರೆ ಸಾಕು. 12 ಅಥವಾ ಹೆಚ್ಚು ಬಂದರೆ ಸರಿ. ಏಳೋ ಎಂಟೋ ಬಂದರೆ, ರೈಲ್ವೆ ಕಚೇರಿಗೆ ಬರೆಯುವ ಪತ್ರಕ್ಕೆ ಲೆಕ್ಕ ಸಿದ್ಧವಾಯಿತು.