ಏರುಮಡಿಯ ಅಂಚಿಗೆ ಯಾವ ವಸ್ತು?

ನಗರಗಳ ಮನೆಯಂಗಳದಲ್ಲಿಯೂ ತಾರಸಿಯಲ್ಲಿಯೂ ತರಕಾರಿ ಬೆಳೆಯುವ ಆಸಕ್ತಿ ಬೆಳೆದಂತೆ, ಏರುಮಡಿಗಳಿಗೆ ಅಂಚು ಕಟ್ಟುವ ಸಾಮಗ್ರಿಯನ್ನು ಅರಸಿಕೊಂಡು ಕಲ್ಲು, ಮರ ಹಾಗೂ ಸಿಮೆಂಟ್ ಉತ್ಪನ್ನಗಳ ವರ್ತಕರಲ್ಲಿಗೆ ಗ್ರಾಹಕರು ಬರುತ್ತಿದ್ದಾರೆ. ವ್ಯಾಪಾರ ಸಣ್ಣದು, ಆದರೆ ಮಾರಿದ ವಸ್ತು ಗ್ರಾಹಕನ ಊಟದ ಎಲೆಗೆ ಸಮೀಪವಾಗಿಯೇ ಇರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಮೊದಲು ಭಾರದ ಲೆಕ್ಕ. 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಮಡಿಗೆ 32 ಘನ ಅಡಿ ಮಣ್ಣು ಬೇಕು. ನೆನೆದಾಗ ಅದು ಸುಮಾರು ಒಂದೂವರೆ ಟನ್ ತೂಗುತ್ತದೆ. ಮಡಿಯ ಎತ್ತರ ಇಮ್ಮಡಿಯಾದರೆ ಅಂಚಿನ ಮೇಲಿನ ಒಟ್ಟು ನೂಕು ನಾಲ್ಮಡಿಯಾಗುತ್ತದೆ. ಉದ್ದನೆಯ ಹಲಗೆಗಳು ನಡುವೆ ಉಬ್ಬುವುದು ಇದರಿಂದಲೇ. ತಾರಸಿಯ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಜನಸಂಚಾರವಿರುವ ಚಪ್ಪಟೆ ಛಾವಣಿಗೆ ಐ.ಎಸ್. 875 ಮಾನಕವು ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನಷ್ಟೇ ಪರಿಗಣಿಸುತ್ತದೆ. ಒಂದು ಅಡಿ ಒದ್ದೆ ಮಣ್ಣು ಸುಮಾರು 500 ಕಿಲೋ. ಅಂತಹ ಗ್ರಾಹಕನಿಗೆ ಕಲ್ಲು ಮಾರುವ ಮುನ್ನ ಇಂಜಿನಿಯರರನ್ನು ಕಾಣಲು ಹೇಳುವುದೇ ಲೇಸು.

ಮರದ ವಿಷಯದಲ್ಲಿ ಈ ಲೇಖಕನಿಗೆ ಸ್ವಂತ ಅನುಭವವುಂಟು. ಅಗ್ಗವೆಂದು ಸಿಲ್ವರ್ ಓಕ್ ಹಲಗೆಗಳನ್ನು ಮಾರಿದೆವು. ಎರಡನೆಯ ಮಳೆಗಾಲಕ್ಕೆ ಗೆದ್ದಲು ಅವನ್ನು ಮುಗಿಸಿತ್ತು. ನಮ್ಮ ಖರ್ಚಿನಲ್ಲಿಯೇ ಕಲ್ಲು ಹಾಕಿಸಿಕೊಡಬೇಕಾಯಿತು. ಹಾಗೆಂದು ಹಳೆಯ ರೈಲ್ವೆ ಸ್ಲೀಪರುಗಳನ್ನು ಕೊಡುವುದು ತರವಲ್ಲ. ಅವುಗಳಿಗೆ ಕುಡಿಸಿರುವ ಕ್ರಿಯೋಸೋಟ್ ತರಕಾರಿ ಮಣ್ಣಿಗೆ ಸಲ್ಲದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳಿಂದ ಸಂಸ್ಕರಿಸಿದ ಮರವನ್ನು ಅಮೆರಿಕದ ತಯಾರಕರು ವಸತಿ ಬಳಕೆಗೆ ಒದಗಿಸುವುದನ್ನು 2003ರ ಕೊನೆಗೆ ತಾವಾಗಿಯೇ ನಿಲ್ಲಿಸಿದರು. ಸಂಸ್ಕರಿಸಿದ ಮರ ಮಾರುವವರು ಯಾವ ರಾಸಾಯನಿಕವೆಂಬುದನ್ನು ಬಿಲ್ಲಿನಲ್ಲಿ ನಮೂದಿಸಬೇಕು.

ನಮ್ಮ ಬಲವಿರುವುದು ಕಲ್ಲಿನಲ್ಲಿ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವುದರಿಂದ ಹೆಚ್ಚು ಕೆತ್ತನೆ ಬೇಡ. ಅದು ಸುಣ್ಣಕಲ್ಲಾದ ಕಾರಣ ಆಮ್ಲೀಯ ಮಣ್ಣಿನಲ್ಲಿ ನಿಧಾನವಾಗಿ ಸವೆಯುವುದಾದರೂ ಮನೆತೋಟಕ್ಕೆ ಅದೇನೂ ದೊಡ್ಡ ದೋಷವಲ್ಲ. ಗ್ರಾನೈಟ್ ಕಾರ್ಖಾನೆಗಳಲ್ಲಿ ರಾಶಿ ಬೀಳುವ ಅಂಚುತುಂಡುಗಳನ್ನು 18 ಅಂಗುಲ ಎತ್ತರಕ್ಕೆ ಕೊಯ್ದು, 6 ಅಂಗುಲ ಹೂಳುವಂತೆ ಸೂಚಿಸಿ ಮಾರಬಹುದು. ಎಸೆಯುವ ವಸ್ತುವಿಗೆ ಬೆಲೆ ಬಂದಂತಾಗುತ್ತದೆ. ಕರಾವಳಿಯಲ್ಲಿ ಮುರಕಲ್ಲು ಸಾಕು. ಸಿಮೆಂಟ್ ಬ್ಲಾಕುಗಳೂ ಸರಿಯೇ. ಹೊಸದಾಗಿದ್ದಾಗ ಕ್ಷಾರ ಬಿಡುವುದರಿಂದ ಚೆನ್ನಾಗಿ ನೀರುಣಿಸಿ ತೊಳೆದು ಬಳಸಲು ಹೇಳಬೇಕು. ಸತುವು ಲೇಪಿತ ತಗಡು ಹಗುರ. ಮೇಲಂಚನ್ನು ಮಡಿಸದೆ ಕೊಟ್ಟರೆ ಮಕ್ಕಳ ಕೈ ಕೊಯ್ಯುತ್ತದೆ.

ಯಾವುದನ್ನೇ ಕೊಟ್ಟರೂ ಬುಡದಲ್ಲಿ ನೀರು ಹೊರಹೋಗಲು ಸಂದು ಬಿಡುವಂತೆ ಮೇಸ್ತ್ರಿಗೆ ತಿಳಿಸಿರಿ. ಗಾರೆಯಿಂದ ಪೂರ್ತಿ ಮುಚ್ಚಿದ ಅಂಚು ಮೊದಲ ಜಡಿಮಳೆಗೇ ಬಿರುಕು ಬಿಟ್ಟರೆ ದೂರು ಬರುವುದು ಮೇಸ್ತ್ರಿಯ ಮನೆಗಲ್ಲ, ನಮ್ಮ ಅಂಗಡಿಗೆ.